ಯಾದಗಿರಿಯಿಂದ ನೀವು ತಂದ ಡ್ರೈವ್

ಮಾಮಾ,

ನಿಮಗೆ ಕಾಗದ ಬರೆದವರು ಯಾರೂ ಇರಲಿಕ್ಕಿಲ್ಲ. ಶಹಾಪುರ ತಾಲ್ಲೂಕಿನ ಅರ್ಧ ಜನಕ್ಕೆ ಅರ್ಜಿ ಬರೆದುಕೊಟ್ಟವರು ನೀವು, ನಿಮಗೆ ಯಾರು ಬರೆಯಬೇಕು? ತಾಲ್ಲೂಕು ಕಚೇರಿ ಎದುರಿನ ನಿಮ್ಮ ಅಂಗಡಿಯಲ್ಲಿ, ನಿಮ್ಮ ಕುರ್ಚಿಯಲ್ಲೇ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಕುರ್ಚಿಯ ಎಡಗೈ ಇನ್ನೂ ಅಲುಗಾಡುತ್ತದೆ. ನೀವು ಹೋದ ಎಂಟು ತಿಂಗಳ ಮೇಲೆ ಈಗ ಬಾಗಿಲು ತೆಗೆದಿದ್ದೇವೆ.

ನೀವು ಫೋನ್ ಮಾಡಿದ ಆ ಮಧ್ಯಾಹ್ನ. "ಸಿದ್ದೂ, ಮಷೀನ್ ಒಳಗ ಟಕ್ ಟಕ್ ಅನ್ನಾಕತ್ತದ. ಈಗ ನೋಡಿದ್ರ ಕರೆಂಟೂ ಹೋಗ್ಯಾದ. ಬರ್ತೀಯೇನು?" ಅಂದಿರಿ. ಸುರಪುರದಿಂದ ಶಹಾಪುರ ಎಷ್ಟು ದೂರ? ಬಸ್ ಹತ್ತಿದ್ದರೆ ಸಾಕಿತ್ತು. "ಹಾರ್ಡ್ ಡಿಸ್ಕ್ ಹೋಗಾಕತ್ತದ್ರಿ ಮಾಮಾ. ಯಾದಗಿರಿಗೆ ಹೋಗಿ ಒಂದು ಹೊಸಾ ಡ್ರೈವ್, ಎಸ್ಎಸ್‌ಡಿ ಅಂತಾರ, ತಂದಿಡ್ರಿ, ನಾಳಿ ಬಂದು ಹಾಕ್ತೀನಿ. ಇವತ್ತು ಭಾಳ ಕೆಲಸ ಅದ" ಅಂದೆ. ಏನು ಕೆಲಸ ಗೊತ್ತೇ? ನನ್ನ ರಿಪೇರಿ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದೆ. "ಆತು ಬಿಡು" ಅಂದಿರಿ. ಒಂದು ಮಾತು ಬೈದಿದ್ದರಾದರೂ... ಎಷ್ಟು ಜಿಬಿಯದು ತರಬೇಕೆಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಮುಸ್ಸಂಜೆ ವಾಪಸು ಬರುವಾಗ, ಭೀಮಾ ಸೇತುವೆ ದಾಟಿದ ಮೇಲೆ, ಹಿಂದೆ ದೀಪವಿಲ್ಲದೆ ಹತ್ತಿ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿಗೆ ನಿಮ್ಮ ಬೈಕು ಹೋಗಿ ಹೊಡೆಯಿತು.

ಅತ್ತೆ ಆ ಡಬ್ಬಿಯನ್ನು ಕೈಗಿಟ್ಟಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಪೊಲೀಸರು ನಿಮ್ಮ ಚೀಲದ ಜೊತೆ ಕೊಟ್ಟ ಡಬ್ಬಿ, ಒಂದು ಮೂಲೆ ಮಾತ್ರ ನಜ್ಜಾಗಿತ್ತು. ಒಳಗಿನದು ನೂರಿಪ್ಪತ್ತು ಜಿಬಿಯ ಡ್ರೈವ್. ನಿಮ್ಮ ಹಳೆಯದು ಐನೂರು ಜಿಬಿಯದು, ಅದರಲ್ಲಿ ತುಂಬಿದ್ದೇ ನೂರೈವತ್ತರ ಮೇಲಿತ್ತು. ದೊಡ್ಡದು ನಾನೇ ತರುತ್ತೇನೆ ಅಂದೆ. ಅತ್ತೆ ಸಿಡಿದರು. "ನಿಮ್ಮ ಮಾಮ ಕಡೀಗಿ ತಂದದ್ದು ಇದು. ಇದ್ರಾಗ ಹಾಕೂದಾದ್ರ ಹಾಕು, ಇಲ್ಲಾಂದ್ರ ಅಂಗಡಿ ಕಟ್ಟಿ ಹತ್ತಬ್ಯಾಡ." ಏಳನೆಯ ತರಗತಿಗೆ ಶಾಲೆ ಬಿಟ್ಟ ಅತ್ತೆ ಇನ್ನು ಮುಂದೆ ಅಂಗಡಿ ತಾವೇ ನಡೆಸುವುದೆಂದು ನಿಶ್ಚಯ ಮಾಡಿಬಿಟ್ಟಿದ್ದರು. ಆ ಡ್ರೈವ್ ತರಲು ನಿಮ್ಮನ್ನು ಕಳಿಸಿದ್ದು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. "ಆತ್ರಿ ಅತ್ತಿ" ಅಂದೆ.

ಕಂಪ್ಯೂಟರು ಚಾಲೂ ಮಾಡುವ ಗುಂಡಿಯ ಬಗ್ಗೆ ನಿಮಗೆ ಹೇಳಿಕೊಟ್ಟ ದಿನ ನೆನಪಿದೆಯೇ? ಕರೆಂಟು ಹೋದಾಗಲೆಲ್ಲ ಅರ್ಧ ಟೈಪ್ ಮಾಡಿದ ಅರ್ಜಿ ಹಾಳಾಗುತ್ತದೆಂದು ಗೋಳಾಡುತ್ತಿದ್ದಿರಿ. ಅದಕ್ಕೆ ಕರೆಂಟು ಹೋದರೂ ಸ್ವಲ್ಪ ಹೊತ್ತು ನಡೆಸುವ ಒಂದು ಯುಪಿಎಸ್ ಕೂಡಿಸಿ, ಗುಂಡಿ ಒತ್ತಿದರೆ ಮಷೀನು ಪೂರ್ತಿ ಬಂದ್ ಆಗದೆ ಮಲಗುವ ಹಾಗೆ ಮಾಡಿಕೊಟ್ಟೆ. ಪರದೆಯ ಮೇಲಿದ್ದದ್ದು, ಸೇವ್ ಮಾಡದೇ ಇದ್ದರೂ, ಡಿಸ್ಕಿನೊಳಗೆ ಇಳಿದು ಕೂರುತ್ತದೆ. ಮತ್ತೆ ಚಾಲೂ ಮಾಡಿದರೆ ಅದೇ ಸಾಲಿನಲ್ಲಿ ಏಳುತ್ತದೆ. ನಿಮಗೆ ಎಷ್ಟು ಖುಷಿಯಾಯಿತೆಂದರೆ ಅವತ್ತಿನಿಂದ ಸೇವ್ ಮಾಡುವುದನ್ನೇ ಬಿಟ್ಟಿರಿ. ಬಂದ ಗಿರಾಕಿಗಳಿಗೆಲ್ಲ "ನಮ್ಮ ಸಿದ್ದು ಮಾಡ್ಯಾನ" ಎಂದು ಒತ್ತಿ ತೋರಿಸುತ್ತಿದ್ದಿರಿ.

ಹಳೆಯ ಡಿಸ್ಕನ್ನು ಸುರಪುರಕ್ಕೆ ತಂದು ನನ್ನ ಮಷೀನಿಗೆ ಸಿಕ್ಕಿಸಿದ ಭಾನುವಾರ ಇದೊಂದೂ ನನ್ನ ತಲೆಯಲ್ಲಿರಲಿಲ್ಲ. ವಿಂಡೋಸ್ ಹೊಸದಾಗಿ ಹಾಕುವಂತಿರಲಿಲ್ಲ. ನಿಮ್ಮ ಕನ್ನಡ ಟೈಪಿಂಗಿನ ಸಾಫ್ಟ್‌ವೇರು ಹಳೆಯದು, ಅದರ ಸಿಡಿ ಯಾವಾಗಲೋ ಕಳೆದಿತ್ತು. ಇದ್ದದ್ದನ್ನು ಇದ್ದ ಹಾಗೇ ಸಣ್ಣ ಡ್ರೈವಿಗೆ ಸಾಗಿಸಬೇಕಿತ್ತು. ಮದುವೆ ಫೋಟೊ, ಹಳೆಯ ಮತದಾರರ ಪಟ್ಟಿ, ಎಲ್ಲವನ್ನೂ ಬೇರೆ ಕಡೆ ತೆಗೆದಿಟ್ಟೆ. ಆದರೂ ನಾಲ್ಕೈದು ಜಿಬಿ ಹೆಚ್ಚೇ ಉಳಿಯಿತು. ಆಗ ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು: ಈ ಡಿಸ್ಕಿನ ವಿಂಡೋಸ್ ಮಲಗಿದೆ, ಮೊದಲು ಎಬ್ಬಿಸಿ ಸರಿಯಾಗಿ ಬಂದ್ ಮಾಡಿ, ಇಲ್ಲವಾದರೆ ಮಲಗಿಸಿಟ್ಟದ್ದನ್ನು ಅಳಿಸಬೇಕಾಗುತ್ತದೆ. ಮಲಗಿಸಿಟ್ಟದ್ದು ಕೂತಿದ್ದ ಆ ಒಂದು ಫೈಲು ಹೋದರೆ ಜಾಗಕ್ಕೆ ಸರಿಹೋಗುತ್ತಿತ್ತು. ಟಕ್ ಟಕ್ ಅನ್ನುವ ಡಿಸ್ಕನ್ನು ಎಬ್ಬಿಸುವ ಗೊಡವೆ ಯಾಕೆಂದು ಅಳಿಸು ಎಂದು ಒತ್ತಿದೆ. ಆಮೇಲೆ ಎಲ್ಲ ಸಲೀಸು. ಹಳೆಯ ಡಿಸ್ಕಿನ ವಿಭಾಗವನ್ನು ಹೊಸದರ ಅಳತೆಗೆ ಕುಗ್ಗಿಸಿದೆ, ನಕಲು ಮಾಡಿದೆ. ಎರಡು ತಾಸಿನಲ್ಲಿ ನಿಮ್ಮ ಇಡೀ ಕಂಪ್ಯೂಟರು ಆ ನಜ್ಜಾದ ಡಬ್ಬಿಯ ಡ್ರೈವಿನೊಳಗೆ ಕೂತಿತ್ತು. ಎಂಥಾ ಜಾಣ ನಾನು!

ಅಂಗಡಿ ತೆಗೆದ ಮೊದಲ ದಿನ ನಾಗಮ್ಮ ಬಂದಳು. ಹೊಳೆದಂಡೆಯ ಊರಿನವಳು, ಗಂಡ ಬಲೆ ಬೀಸಲು ಇಳಿದು ಕೃಷ್ಣೆಯಲ್ಲಿ ಹೋದ. "ಅಣ್ಣಾರು ನಂದು ಪರಿಹಾರದ ಅರ್ಜಿ ಅರ್ಧ ಟೈಪ್ ಹೊಡದಿದ್ರು. ಅದನ್ನ ತಗದು ಕೊಡ್ರಿ" ಅಂದಳು. ಹುಡುಕಿದೆ, ಆ ಹೆಸರಿನ ಫೈಲೇ ಇಲ್ಲ. ಪಕ್ಕದಲ್ಲಿದ್ದ ಅತ್ತೆ, "ಅವತ್ತು ನಿಮ್ಮ ಮಾಮ ಮಷೀನ್ ಮಲಗಿಸಿ ಹೋಗಿದ್ರಲ್ಲೋ. ಎಬ್ಬಿಸಿದ್ರ ಇರಬೇಕಲ್ಲ?" ಅಂದರು. ನಾನು ಅಳಿಸು ಎಂದು ಒತ್ತಿದ್ದು ಅದನ್ನೇ. ನೀವು ಈ ಕುರ್ಚಿಯಲ್ಲಿ ಕೂತು ಮಾಡಿದ ಕೊನೆಯ ಕೆಲಸ ಅದು, ಮಾಮಾ. ಎಂಟು ತಿಂಗಳು ಆ ಡಿಸ್ಕಿನಲ್ಲಿ ಹಾಗೇ ಕಾದಿತ್ತು. ನಾನು ನಾಲ್ಕೈದು ಜಿಬಿ ಜಾಗಕ್ಕಾಗಿ...

"ಹೋತ್ರಿ, ನಾನೇ ಅಳಿಸೀನಿ" ಅಂದಾಗ ನಾಗಮ್ಮ ಅಳಲಿಲ್ಲ, ಬೈಯಲೂ ಇಲ್ಲ. "ಹೋದ್ರ ಹೋಗ್ಲಿ, ನನಗ ಬಾಯಿಪಾಠ ಅದ" ಎಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ನಿಮ್ಮ ಪದ್ಧತಿ ನನಗೆ ಆಗ ನೆನಪಾಯಿತು. ಒಂದೊಂದು ಸಾಲು ಟೈಪ್ ಮಾಡಿದ ಮೇಲೂ ಜೋರಾಗಿ ಓದಿ, ಓದು ಬಾರದವರ ಬಾಯಲ್ಲಿ ತಿರುಗಿ ಹೇಳಿಸುತ್ತಿದ್ದಿರಿ. "ಸಾಹೇಬ ಕೇಳಿದ್ರ ನಿನ್ನ ಅರ್ಜ್ಯಾಗ ಏನದ ಅಂತ ನಿನಗ ಗೊತ್ತಿರಬೇಕು" ಅನ್ನುತ್ತಿದ್ದಿರಿ. ಅಕ್ಷರ ಗೊತ್ತಿಲ್ಲದ ಆ ಹೆಂಗಸು ಕಣ್ಣು ಮುಚ್ಚಿ ಶುರು ಮಾಡಿದಳು: "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಗಂಡನಾದ ದೇವಪ್ಪ ಇವರು ಮೀನು ಹಿಡಿಯಲು ಕೃಷ್ಣಾ ನದಿಗೆ ಇಳಿದಾಗ ನೀರಿನ ಸೆಳವಿಗೆ ಸಿಕ್ಕು ಮೃತಪಟ್ಟಿರುತ್ತಾರೆ. ಶವವು ಮೂರನೆಯ ದಿನ ದೊರೆತಿರುತ್ತದೆ. ಸದರಿಯವರ ದುಡಿಮೆಯಿಂದಲೇ..." ಅಲ್ಲಿಗೆ ನಿಂತಳು. "ಇಲ್ಲಿಗಿ ಕರೆಂಟ್ ಹೋತ್ರಿ. ಮುಂದಿಂದು ನಾಳಿ ಬಾರವ್ವ ಅಂದ್ರು." ನಿಮ್ಮದೇ ಮಾತುಗಳು, ನಿಮ್ಮದೇ ಧಾಟಿ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಮುಂದಿನದನ್ನು ನಾನು ಬರೆದೆ, ನಿಮ್ಮಷ್ಟು ಚೆನ್ನಾಗಿ ಬರಲಿಲ್ಲ.

ನಾಗಮ್ಮ ಹೋದ ಮೇಲೆ ಅತ್ತೆ ಒಳಗೆ ಬಂದು ಅದೇ ಸ್ಟೂಲಿನ ಮೇಲೆ ಕೂತರು. "ಈಗ ನಂದು ಬರಿ. ವಿಧವಾ ವೇತನದ್ದು" ಅಂದರು. ಇಂಥವು ನೀವು ಎಷ್ಟು ಬರೆದಿದ್ದೀರಿ! ಗಂಡನ ಹೆಸರು ಎಂಬಲ್ಲಿ ನಿಮ್ಮ ಹೆಸರು. ಬರೆದೆ. ಸಾಲು ಸಾಲಾಗಿ ಓದಿದೆ, ಅತ್ತೆ ತಿರುಗಿ ಹೇಳಿದರು. ರಸ್ತೆ ಅಪಘಾತದ ಸಾಲು ಬಂತು. ಅದರ ಕೆಳಗೆ ಇನ್ನೊಂದು ಸಾಲು ಬರೆದು ಅದನ್ನೂ ಓದಿದೆ: "ಕಂಪ್ಯೂಟರ್ ದುರಸ್ತಿ ಮಾಡುವ ನನ್ನ ನಾದಿನಿಯ ಮಗ ಸಿದ್ದು ಎಂಬುವನು ತಾನು ಬರಲು ಬೇಸರಪಟ್ಟು, ಯಾದಗಿರಿಗೆ ಹೋಗಿ ಡ್ರೈವ್ ತರಲು ಹೇಳಿದ್ದರಿಂದ ಸದರಿಯವರು ಹೋಗಿರುತ್ತಾರೆ."

ಅತ್ತೆ ತಿರುಗಿ ಹೇಳಲಿಲ್ಲ. ಪರದೆಯತ್ತ ಬೆರಳು ತೋರಿಸಿ, "ಆ ಸಾಲು ತಗಿ. ಕಚೇರಿಯವ್ರು ಅದನ್ನ ಇಟ್ಕೊಂಡು ಏನ್ ಮಾಡ್ತಾರ?" ಅಂದರು.

"ನಿಮಗ ಹೇಳಬೇಕಿತ್ರಿ ಅತ್ತಿ."

"ಈಗ ಹೇಳಿದೆಲ್ಲ. ಮುಂದ ಓದು."

ಅಷ್ಟೇ. ಅವತ್ತಿನಿಂದ ಅತ್ತೆ ನನ್ನ ಜೊತೆ ಕೆಲಸದ ಮಾತು ಮಾತ್ರ ಆಡುತ್ತಾರೆ. ಅದೂ ಹೆಚ್ಚೇ ಅನ್ನಿಸುತ್ತದೆ. ನಾಗಮ್ಮನ ಅರ್ಜಿ ಕಚೇರಿಯೊಳಗೆ ಹೋಗಿದೆ, ಸಾಹೇಬರು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಟ್ಟಳಂತೆ. ವಾರಕ್ಕೆರಡು ದಿನ ನಾನು ಬಂದು ಅತ್ತೆಗೆ ಟೈಪಿಂಗ್ ಕಲಿಸುತ್ತಿದ್ದೇನೆ, ಅವರು ಬೇಡ ಅನ್ನುವವರೆಗೂ ಬರುತ್ತೇನೆ. ಅವರ ಅರ್ಜಿಯಿಂದ ತೆಗೆದ ಆ ಸಾಲಿಗೆ ಬೇರೆಲ್ಲೂ ಜಾಗವಿರಲಿಲ್ಲ, ಅದಕ್ಕೇ ಈ ಕಾಗದ. ನೀವು ಕಲಿಸಿದ ಹಾಗೆ ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿದ್ದೇನೆ, ಮಾಮಾ. ಈಗ ನೀವು ತಿರುಗಿ ಹೇಳಬೇಕು. ನಾನು ಕಾಯುತ್ತಾ ಕೂತಿದ್ದೇನೆ.

ನಿಮ್ಮ ಸಿದ್ದು