ಪ್ರಬಂಧದಲ್ಲಿ ಗುರುಗಳು ಇರುವುದಿಲ್ಲ

ಮಾತ್ಸುಯೆ
ನವೆಂಬರ್ ೧೪

ಪ್ರೀತಿಯ ಮಿಸಾವೊ ಅಕ್ಕನಿಗೆ,

ಚಳಿ ಶುರುವಾಯಿತು. ಸೂರಿನಡಿ ಕಾಕಿ ಹಣ್ಣು ಒಣಗಲು ಕಟ್ಟಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಬೇಸಿಗೆಯಲ್ಲಿ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡಿ. ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ‘ನನಗೆ ಹೀಗನ್ನಿಸುತ್ತೆ’ ಅಂತ ಬರೆಯಬೇಡಿ, ಆಧಾರ ಕೊಡಿ ಅಂದರೆ, ಅನ್ನಿಸಿದ್ದನ್ನು ಬಿಟ್ಟರೆ ನಮ್ಮ ಹತ್ತಿರ ಇನ್ನೇನಿದೆ ಮೇಡಂ ಅನ್ನುತ್ತವೆ.

ಸುದ್ದಿ ಕೇಳಿ. ನಮ್ಮ ಕುರಮೋಚಿ ಗುರುಗಳು ಬಂದಿದ್ದರು. ನಾನು ಅವರ ವಿದ್ಯಾರ್ಥಿನಿಯೂ ನೀವು ಅವರ ಸಹಾಯಕಿಯೂ ಆಗಿದ್ದ ಕಾಲದ ಠೀವಿ ಇನ್ನೂ ಇಳಿದಿಲ್ಲ. ಶಿಷ್ಯೆಯ ಪಾಠ ನೋಡುತ್ತೇನೆಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಇದಕ್ಕೇ ಕಾದಿದ್ದೆ. ಎರಡು ಹಾಳೆ ಹಂಚಿದೆ. ಒಂದು ಅವರ ಹೆಸರಾಂತ ಪುಸ್ತಕದ್ದು, ಇನ್ನೊಂದು ಅದಕ್ಕಿಂತ ಮೊದಲೇ ನಾನು ಬರೆದ ಪದವಿ ಪ್ರಬಂಧದ್ದು. ಎರಡರಲ್ಲೂ ಇರುವುದು ಓಕಿ ದ್ವೀಪದಲ್ಲಿ ಸಮುದ್ರಪಾಚಿ ಒಣಗಿಸುವ ಹೆಂಗಸರು ಗಾಳಿಗಳಿಗೆ ಇಟ್ಟ ಹೆಸರುಗಳು, ಸಾಲಿಗೆ ಸಾಲು ಅದೇ. ಯಾರದ್ದನ್ನು ಯಾರು ತೆಗೆದುಕೊಂಡಿದ್ದಾರೆ, ಪ್ರಬಂಧದ ಭಾಷೆಯಲ್ಲಿ ಬರೆಯಿರಿ ಅಂದೆ.

ಅಯುಮು ಎಂಬ ಹುಡುಗಿ ಎದ್ದು ಹಿಂದೆ ತಿರುಗಿ ನೋಡಿದಳು. “ಮೇಡಂ, ಗುರುಗಳು ಇಲ್ಲೇ ಕೂತಿದ್ದಾರೆ. ಬರೀ ಕುರಮೋಚಿ ಅಂತ ಬರೀಬೇಕಾ?”

“ಪ್ರಬಂಧದಲ್ಲಿ ಗುರುಗಳು ಅಂತ ಯಾರೂ ಇರಲ್ಲ ಕಣಮ್ಮ. ನನಗೆ ಇದನ್ನ ಕಲಿಸಿದ್ದೇ ಅವರು. ಬರೆದು ಓದು.”

“ಕುರಮೋಚಿ ಈ ಭಾಗವನ್ನು ಮೂಲದ ಹೆಸರು ಹೇಳದೆ ಬಳಸಿದ್ದಾನೆ.”

ಆಗೆಲ್ಲ ಹಾಗೇ ನಡೆಯುತ್ತಿತ್ತು ಎಂದು ಗೊಣಗುತ್ತ ಅವರು ಟೊಪ್ಪಿ ಹುಡುಕಿಕೊಂಡು ಹೊರಟರು. ನನ್ನ ಹೊಟ್ಟೆ ತಣ್ಣಗಾಯಿತು ಅಕ್ಕ. ಸಂಜೆ ಎರಡು ಬಟ್ಟಲು ಸೋಬಾ ಸೇವಿಗೆ ತಿಂದೆ.

ಚಳಿಯಲ್ಲಿ ಮೈ ಜೋಪಾನ. ನಿಮಗೂ ಮನೆಯವರಿಗೂ ಒಳ್ಳೆಯದಾಗಲಿ.

ನಿಮ್ಮ
ಚಿಹಾರು

ಹೇಳಲು ಮರೆತೆ: ಪಾಚಿ ಒಣಗಿಸುವ ಆ ಹೆಂಗಸರಲ್ಲಿ ಒಬ್ಬಳು ನನ್ನಮ್ಮ. ಗುರುಗಳ ಪುಸ್ತಕ ಬಂದಾಗ ಪಾಚಿಯ ಕೈ ತೊಳೆದುಕೊಂಡು ಬಂದು, “ನನ್ನ ಹೆಸರು ಯಾವ ಪುಟದಲ್ಲಿದೆ, ತೋರಿಸೇ” ಅಂದಳು. ಎಲ್ಲೂ ಇರಲಿಲ್ಲ. ಸಾಯುವವರೆಗೂ ಮತ್ತೆ ಕೇಳಲಿಲ್ಲ. ಮುನ್ನುಡಿಯಲ್ಲಿ ಇದ್ದದ್ದು ನಿಮ್ಮ ಹೆಸರು: ‘ದ್ವೀಪಕ್ಕೆ ಹೋಗಿ ಇದೆಲ್ಲವನ್ನೂ ಸಂಗ್ರಹಿಸಿದ ಹೋರಿಬೆ ಮಿಸಾವೊ ಅವರಿಗೆ ಕೃತಜ್ಞತೆ.’ ದೋಣಿ ಕಂಡರೇ ವಾಂತಿ ಮಾಡಿಕೊಳ್ಳುವವರು ನೀವು, ಆ ದ್ವೀಪಕ್ಕೆ ಕಾಲಿಟ್ಟವರೇ ಅಲ್ಲ. ಮುಂದಿನ ವಾರದ ಪಾಠಕ್ಕೆ ಆ ಮುನ್ನುಡಿಯನ್ನೇ ಇಟ್ಟುಕೊಂಡಿದ್ದೇನೆ. ಪ್ರಬಂಧದಲ್ಲಿ ಅಕ್ಕ ಅಂತಲೂ ಯಾರೂ ಇರುವುದಿಲ್ಲ, ಹೋರಿಬೆ.