ಥೀಟಾದ ಪಕ್ಕ ಕೂತ ಎರಡು

ಗುರುವಾರ, ಇಳಿಹೊತ್ತು

ಮುದ್ದು ಗುಬ್ಬಿ,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಅಕ್ಷರ ನೋಡಿ ಗಾಬರಿಯೂ ಬೇಡ. ಹೇಳುತ್ತಿರುವವಳು ನಾನೇ, ಬರೆಯುತ್ತಿರುವವರು ನಿನ್ನ ಭಾವ. ನನ್ನ ಕೈ ಕೊಂಚ ಹಟ ಹಿಡಿದಿದೆ, ಅಷ್ಟೇ.

ಮಗಳಿಗೆ ಹೇಳಿಕೊಡಲು ಹೋಗಿ ನೀನೇ ಸಿಕ್ಕಿಹಾಕಿಕೊಂಡ ಲೆಕ್ಕ ನೋಡಿದೆ:

sin θ/(1 + cos θ) + (1 + cos θ)/sin θ = 2 cosec θ

ಗಣಿತದ ಮೇಷ್ಟ್ರ ಮಗಳಾಗಿ ಹೀಗಾ ಮಾಡುವುದು? ಎಡಭಾಗದಿಂದಲೇ ಹೊರಡು. ಬಲಭಾಗ ತಲುಪಬೇಕಾದ ಊರು, ದಾರಿಯಲ್ಲಿ ಅದನ್ನು ಮುಟ್ಟಬಾರದು. ಛೇದ ಒಂದು ಮಾಡಿದರೆ ಮೇಲೆ sin²θ + (1 + cos θ)². ಆವರಣ ಬಿಡಿಸು. sin²θ, cos²θ ಸೇರಿ 1 ಆಗಿ, ಮೇಲೆ 2(1 + cos θ) ಉಳಿಯುತ್ತದೆ. ಕೆಳಗಿರುವ ಆವರಣದ ಜೊತೆ ಅದು ಹೊಡೆದುಹೋದರೆ 2/sin θ. ಮುಗಿಯಿತು. ನಿನ್ನ ಎರಡನೇ ಸಾಲಿನಲ್ಲಿ ವರ್ಗದ 2 ಸೈನ್ ಬಿಟ್ಟು ಜಾರಿ ಥೀಟಾದ ಪಕ್ಕ ಕೂತಿದೆ. ಮೂರನೇ ಸಾಲಿಗೆ ನೀನೇ ಅದನ್ನು 2θ ಎಂದು ಓದಿಕೊಂಡೆ, ಸೋಂಬೇರಿ!

ಇಷ್ಟು ಬರೆಯುವಷ್ಟರಲ್ಲಿ ನಿನ್ನ ಭಾವ ಬೆವರಿಹೋದರು. "ಈ ಪುಟಾಣಿ ಎರಡನ್ನ ಎಲ್ಲಿ ಹಾಕ್ಲೇ?" ಅಂತ ಕೇಳಿ ಕೇಳಿ ನನ್ನ ತಲೆ ತಿಂದರು.

ಶಾಲೆಯಲ್ಲಿ ಈಗ ಬೋರ್ಡಿನ ಮೇಲೆ ಬರೆಯುವವಳು ಹಿಂದಿನ ಬೆಂಚಿನ ಬಾಯಿಬಡುಕಿ. ಹೋದ ತಿಂಗಳು ನಾನು ಬರೆಯುವಾಗ ಎದ್ದು ನಿಂತು, "ಮೇಡಂ, ಆ ಎರಡು ಸೈನ್ ತಲೆ ಮೇಲಿದ್ಯಾ, ಥೀಟಾ ತಲೆ ಮೇಲಿದ್ಯಾ?" ಅಂದಳು. "ಬಾ, ನೀನೇ ತೋರಿಸು" ಎಂದು ಸೀಮೆಸುಣ್ಣ ಕೊಟ್ಟೆ. ವಾಪಸ್ ಕೇಳಲಿಲ್ಲ. ಕಿಟಕಿಗೆ ಒರಗಿ ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಅವಳು ಎಳೆಯುವ ಭಿನ್ನರಾಶಿಯ ಗೆರೆ ಎಷ್ಟು ನೇರ ಅಂತೀಯ, ಹೊಟ್ಟೆಕಿಚ್ಚಾಗುತ್ತದೆ. ಸಾಕಾಗಿದೆ ಗುಬ್ಬಿ. ಬೆಲ್ ಹೊಡೆದರೂ ಕುರ್ಚಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ.

ಮಕ್ಕಳಿಗೆ ಮುತ್ತು. ನೀನು ನೂರು ಕಾಲ ನಗುನಗುತ್ತಾ ಇರು.

ನಿನ್ನ
ಅಕ್ಕ

ತಾ.ಕ.: ನಿನ್ನ ಭಾವ ಅಂಚೆಚೀಟಿ ತರಲು ಹೋಗಿದ್ದಾರೆ. ಇಷ್ಟನ್ನು ನಾನೇ ಗೀಚುತ್ತಿದ್ದೇನೆ. ಈ ನಡುಕ ಅಪ್ಪನದ್ದೇ. ಅವರಿಗೂ ಬೋರ್ಡಿನ ಮೇಲೆಯೇ ಶುರುವಾಗಿ, ಕೊನೆಗೆ ತುತ್ತನ್ನೂ ಅಮ್ಮ ತಿನ್ನಿಸಬೇಕಾಯಿತಲ್ಲ. "ಒಡಹುಟ್ಟಿದವರಿಗೂ ಇದ್ಯಾ?" ಎಂದು ಡಾಕ್ಟರು ಕೇಳಿದರು. "ಇಲ್ಲ, ನನ್ನ ತಂಗಿ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತೆ" ಅಂದೆ. ಮನೆಗೆ ಬಂದು ನಿನ್ನ ಪತ್ರ ಮತ್ತೆ ತೆಗೆದೆ. ಮೇಲೆ ಸೋಂಬೇರಿ ಅಂದದ್ದು ನಿನ್ನ ಭಾವನ ಕಿವಿಗಾಗಿ. ನೀನು ಸೋಂಬೇರಿಯಲ್ಲ. ಹೋದ ವರ್ಷ ನಾನು ಬರೆದ ವರ್ಗದ 2 ಕೂಡ ಹೀಗೇ ಜಾರುತ್ತಿತ್ತು. ನಾಳೆಯೇ ಡಾಕ್ಟರಿಗೆ ಕೈ ತೋರಿಸು ಕಂದ, ನನ್ನ ಹಾಗೆ ಕಾಯಬೇಡ.