ಅಮೆರಿಕದ ಹಗೇವು

ಸೇಲಂ
21-11-1999, ಭಾನುವಾರ ಸಂಜೆ

ಕ್ಯಾಪ್ಟನ್ ಆದ ಮಗಳೇ, ನನ್ನ ರಾಧಾ,

ಅಂದರೆ ನಾನು ನಿನ್ನೆ ಹೇಳುತ್ತಿದ್ದುದು ಇಷ್ಟೇ: ಬಿಟ್ಟಿ ಕೊಡುವವನನ್ನೆಲ್ಲ ಕಳ್ಳ ಅನ್ನಬಾರದು, ಆದರೆ ಅವನ ಮನೆ ಎಲ್ಲಿ ಅಂತ ಕೇಳದೆಯೂ ಇರಬಾರದು. ಅಷ್ಟು ಹೇಳುವುದರೊಳಗೆ ಎಸ್‌ಟಿಡಿ ಬೂತಿನಲ್ಲಿ ಲೈನು ಕಟ್ಟಾಯಿತು. ನಿನ್ನ ಆರೋಗ್ಯವನ್ನೂ ಕೇಳಲಾಗಲಿಲ್ಲ. ಅಂಬಾಲದ ಚಳಿಗೆ ಬೆರಳು ಒಡೆಯುತ್ತವೆ ಅಂದಿದ್ದೆಯಲ್ಲ, ಈಗ ಹೇಗಿದೆ? ಆಸ್ಪತ್ರೆಯ ಸೋಪು ಬಿಟ್ಟು ರಾತ್ರಿ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿಕೋ. ಮಿಲಿಟರಿ ನರ್ಸ್ ಆದವಳಿಗೆ ನಾನು ವೈದ್ಯ ಹೇಳುತ್ತಿದ್ದೇನೆ ಅಂತ ನಗಬೇಡ, ನಿನ್ನ ಅವ್ವ ಇದ್ದಿದ್ದರೆ ಎಣ್ಣೆಯನ್ನೇ ಪಾರ್ಸೆಲ್ ಮಾಡುತ್ತಿದ್ದಳು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮಾತಾಡುತ್ತದೆ. ನಿನ್ನ ಅಣ್ಣ ರವಿಶಂಕರ್ ಬೆಳಿಗ್ಗೆ ವರ್ಕ್‌ಶಾಪಿಗೆ ಹೋದರೆ ಸಂಜೆ ಬರುತ್ತಾನೆ, ನಡುವಿನ ಹೊತ್ತೆಲ್ಲ ನನ್ನದೇ ರಾಜ್ಯ.

ಆ ರಾಜ್ಯಭಾರದಲ್ಲೇ ಅಟ್ಟ ಸ್ವಚ್ಛ ಮಾಡುವಾಗ ಕ್ಯಾಸೆಟ್ ಸಿಕ್ಕಿತು. ರವಿ ಹುಡುಗನಾಗಿದ್ದಾಗ ಧರ್ಮಪುರಿಯಿಂದ ಟೇಪ್ ರೆಕಾರ್ಡರ್ ತಂದೆವಲ್ಲ, ಅದು ಸರಿಯಾಗಿದೆಯೋ ಇಲ್ಲವೋ ನೋಡಲು ಅವನು ಬಟನ್ ಒತ್ತಿ ಅಂಗಳದಲ್ಲಿ ಇಟ್ಟಿದ್ದ ದಿನದ್ದು. ಅದರಲ್ಲಿ ನಿನ್ನ ಅವ್ವ ಮುತ್ತಮ್ಮ ಇದ್ದಾಳೆ. ಹಾಡುತ್ತಿಲ್ಲ, ಬೈಯುತ್ತಿದ್ದಾಳೆ, ಬೈಸಿಕೊಳ್ಳುತ್ತಿರುವವನು ನಾನು. ಎರಡೇ ಮಾತು ಕೇಳಿ ನಿಲ್ಲಿಸಿದೆ. ಟೇಪು ಬೂಷ್ಟು ಹಿಡಿದು ಉಬ್ಬಿತ್ತು, ಇನ್ನೊಂದು ಸಲ ಓಡಿದರೆ ಹೆಚ್ಚು ಅನ್ನಿಸಿತು. ಝಾನ್ಸಿಯಿಂದ ಬರುವಾಗ ನಿನ್ನ ಟ್ರಂಕು ಕಾಣೆಯಾಗಿ ಅವ್ವನ ಫೋಟೋ ಹೋಯಿತು ಅಂತ ಹೇಳಿದ ದಿನ, ಕೊನೆಗೆ ನೀನು ಸಣ್ಣ ದನಿಯಲ್ಲಿ ಒಂದು ಮಾತು ಅಂದೆ: "ಅಪ್ಪಾ, ಮೊಕ ನೆಪ್ಪೈತೆ, ಅವ್ವ ಹೆಂಗೆ ಮಾತಾಡ್ತಿದ್ಲು ಅನ್ನೋದೇ ಮರ್ತೋಗ್ತಾ ಐತೆ." ಅದು ನನ್ನ ಕಿವಿಯಲ್ಲೇ ಕೂತಿತ್ತು. ರವಿ ಹೇಳಿದ, ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿ ಪೋಸ್ಟ್ ಮಾಡಿದರಾಯಿತು ಅಂತ. ನಾನು ಒಪ್ಪಲಿಲ್ಲ. ನಿನ್ನ ಕೆಲಸದಲ್ಲಿ ಇವತ್ತು ಇಲ್ಲಿ, ನಾಳೆ ಅಸ್ಸಾಮು. ಹೊತ್ತುಕೊಂಡು ಹೋಗುವುದೆಲ್ಲ ಒಂದು ದಿನ ಕಳೆಯುತ್ತದೆ. ಹೊರಲೇಬೇಕಿಲ್ಲದ ಜಾಗ ಬೇಕಿತ್ತು ನಿನಗೆ. ನೆಸೆಸಿಟಿ ಈಸ್ ದಿ ಮದರ್ ಆಫ್ ಅಂತ ಕಾಲೇಜಿನಲ್ಲಿ ಓದಿದ್ದೆ, ಯಾರ ಮದರ್ ಅನ್ನುವುದು ಈಗ ಮರೆತಿದೆ.

ಐದು ರೋಡು ಸೇರುವಲ್ಲಿ ಪಳನಿಯಪ್ಪನ್ ಅಂತ ಒಬ್ಬ ಇದ್ದಾನೆ. ಅವನ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅರ್ಧ ಕೋಣೆ ಈಗಲೂ ಟಕಟಕ, ಉಳಿದರ್ಧ ಇಂಟರ್‌ನೆಟ್. ನನ್ನ ಕಷ್ಟ ಹೇಳಿದೆ. "ಎನ್ನ ಸಾರ್, ಇದುಕ್ಕು ಪೋಯ್ ಕವಲೈ! ಅಮೆರಿಕಾಲ ಇಡಂ ತರಾನ್, ಎಲ್ಲಾಮೇ ಫ್ರೀ" ಅಂದ. ಇದಕ್ಕೆಲ್ಲ ಚಿಂತೆ ಯಾಕೆ, ಅಮೆರಿಕದಲ್ಲಿ ಜಾಗ ಕೊಡುತ್ತಾರೆ ಅಂತ. ನಮ್ಮ ಫೈಲನ್ನು ಅಲ್ಲಿಯ ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ಇಟ್ಟುಕೊಳ್ಳುವ ಕಂಪನಿಗಳಂತೆ, ಯಾವ ಊರಿನಿಂದ ಬೇಕಾದರೂ ತೆಗೆದುಕೊಳ್ಳಬಹುದಂತೆ. ಮೂರು ಕಂಪನಿ ತೋರಿಸಿದ. ಒಂದು ಬಹಳ ಜಾಗ ಕೊಡುತ್ತದೆ, ಒಂದು ನೋಡಲು ಲಕ್ಷಣವಾಗಿದೆ, ಮೂರನೆಯದು ಎರಡೂ ಅಲ್ಲ. ಪಳನಿಯಪ್ಪನ್ ದೊಡ್ಡದನ್ನೇ ಹಿಡಿಯಿರಿ ಅಂದ. ನಾನು ಮನೆಗೆ ಬಂದು ಯೋಚನೆ ಮಾಡಿದೆ. ಯೋಚಿಸುವಾಗ ನೆನಪಾದದ್ದು ಕಂಪ್ಯೂಟರ್ ಅಲ್ಲ, ನಮ್ಮ ನಂಗವಳ್ಳಿ ಮನೆಯ ಹಗೇವು.

ನಿನಗೂ ನೆನಪಿರಬೇಕು, ನಿನ್ನ ತಾತ ನಾರಪ್ಪ ಅಂಗಳದಲ್ಲಿ ತೋಡಿದ್ದ, ರಾಗಿ ಸುರಿದು ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದ ಬಾವಿಯಂಥ ಗುಂಡಿ. ಹೊಸ ಹಗೇವಿಗೆ ಒಂದೇ ಸಲ ರಾಗಿ ಸುರಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಒಳಗೆ ಹುಲ್ಲು ಸುಟ್ಟು, ಬಟ್ಟೆಯಲ್ಲಿ ಒಂದು ಹಿಡಿ ರಾಗಿ ಕಟ್ಟಿ ಇಳಿಸಿ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮುಚ್ಚಿಡುವುದು. ಆಮೇಲೆ ತೆಗೆದು ನಿನ್ನ ಅವ್ವ ಬಾಯಿಗೆ ಹಾಕಿಕೊಂಡು ಅಗಿದು ನೋಡುವವಳು. ಮುಗ್ಗು ವಾಸನೆ ಬಂದರೆ, ಅದನ್ನು ತೋಡಿದವನು ಯಾರಾದರೂ ಆಗಲಿ, "ಇದ್ರ ಒಟ್ಟೆ ಸರಿ ಇಲ್ಲ, ಮುಚ್ಚಿ ಅತ್ಲಾಗೆ" ಅನ್ನುತ್ತಿದ್ದಳು. ಮಾವನಿಗೂ ಹಾಗೆ ಅಂದಿದ್ದಾಳೆ.

ಹಾಗೆಯೇ ಮಾಡಿದೆ. ಮಹಾಲಯ ಅಮಾವಾಸ್ಯೆಯ ದಿನ ಮೂರು ಕಂಪನಿಯಲ್ಲೂ ಹೆಸರು ಬರೆಸಿದೆ. ಹಿಡಿ ರಾಗಿಗೆ ಬದಲು, ಟೈಪಿಂಗ್ ಕಲಿಯುವವರು ಬಡಿಯುತ್ತಾರಲ್ಲ, ನರಿ ನಾಯಿಯ ಮೇಲೆ ಹಾರಿತು ಅಂತ ಒಂದು ಇಂಗ್ಲಿಷ್ ಸಾಲು, ಅದನ್ನು ಮೂರು ಕಡೆಯೂ ಹಾಕಿ ಎದ್ದು ಬಂದೆ. ಅಲ್ಲಿದ್ದವರೆಲ್ಲ ನಕ್ಕರು. ಪಳನಿಯಪ್ಪನ್ ಅಂತೂ "ಸಾರ್, ಇದು ರಾಗಿಯಾ, ಪೂಚ್ಚಿ ಬೀಳೋಕೆ?" ಅಂತ, ಹುಳಕ್ಕೆ ಪೂಚ್ಚಿ ಅನ್ನುವ ತನ್ನ ಅರ್ಧ ಕನ್ನಡದಲ್ಲಿ ಕೇಳಿದ. ಪರವಾಯಿಲ್ಲಪ್ಪ, ಅಮಾವಾಸ್ಯೆ ಬರಲಿ ಅಂದೆ. ಹೆಸರು ಬರೆಸುವಾಗ ಒಂದು ತಮಾಷೆ ಆಯಿತು. ಅವರಿಗೆ ಫಸ್ಟ್ ನೇಮ್ ಬೇಕು, ಲಾಸ್ಟ್ ನೇಮೂ ಬೇಕು. ನಮಗೆ ಲಾಸ್ಟ್ ಎಲ್ಲಿ, ಮುಂದೆ ಅಪ್ಪನ ಒಂದು ಅಕ್ಷರ ಅಷ್ಟೆ. ಆ ಒಂದು ಅಕ್ಷರವನ್ನು ಮೆಷಿನ್ನು ಒಪ್ಪಲಿಲ್ಲ. ಸರಿ ಅಂತ ಅಪ್ಪನ ಹೆಸರು ಪೂರ್ತಿ ಬರೆದೆ. ಮರುಕ್ಷಣ ಪರದೆಯ ಮೇಲೆ ಬಂತು: ವೆಲ್‌ಕಮ್, ಮಿಸ್ಟರ್ ನಾರಪ್ಪ! ರಾಧಾ, ನಿನ್ನ ತಾತ ಹೋರಿ ಕೊಳ್ಳುವುದಕ್ಕೆ ಬಿಟ್ಟರೆ ತೊಪ್ಪೂರು ಕಣಿವೆ ದಾಟಿದವನಲ್ಲ. ಅವನನ್ನು ಅಮೆರಿಕದವರು ಮಿಸ್ಟರ್ ಅಂದು ಬಾಗಿಲು ತೆಗೆದರು. ತಿದ್ದಬಹುದು ಅಂತ ಪಳನಿಯಪ್ಪನ್ ಹೇಳಿದ. ಬೇಡ, ಹಗೇವು ತೋಡಿದವನ ಹೆಸರಿನಲ್ಲೇ ಇರಲಿ ಅಂದೆ. ಎದೆ ಎಷ್ಟು ಉಬ್ಬಿತು ಅಂದರೆ, ಬರುವಾಗ ಬಸ್ ಹತ್ತಲಿಲ್ಲ, ಮಂಡಿ ನೋವು ಮರೆತು ನಡೆದೇ ಬಂದೆ.

ದೀಪಾವಳಿ ಅಮಾವಾಸ್ಯೆಗೆ ಹೋಗಿ ಮೂರನ್ನೂ ತೆರೆಸಿದೆ. ಜಾಗ ಹೆಚ್ಚು ಕೊಡುವವನ ಅಂಗಡಿಯೇ ಇಲ್ಲ, ಬಿಳಿ ಹಾಳೆ, ಸಿಗುತ್ತಿಲ್ಲ ಅಂತ ಒಂದು ಸಾಲು. ಲಕ್ಷಣವಾಗಿದ್ದವನು ನಾನು ಯಾರು ಅಂತಲೇ ಮರೆತಿದ್ದ, ಮತ್ತೆ ಮೊದಲಿನಿಂದ ಹೆಸರು ಬರೆಸು ಅಂದ. ಮೂರನೆಯವನಲ್ಲಿ ನರಿ ಹಾಕಿದ ಹಾಗೇ ನಾಯಿಯ ಮೇಲೆ ಹಾರುತ್ತಿತ್ತು. ಒಂದು ಅಕ್ಷರ ಅಲುಗಿರಲಿಲ್ಲ! ಪಳನಿಯಪ್ಪನ್ ಎದ್ದು ನಿಂತು ಕೈ ಕೊಟ್ಟ. ಈಗ ಹೊಸಬರು ಬಂದರೆ ಅವನೇ ಹೇಳುತ್ತಾನಂತೆ, "ಮೊದಲ್ಲ ಒರು ಪಿಡಿ ಪೋಟ್ಟು ಪಾರುಂಗೊ", ಮೊದಲು ಒಂದು ಹಿಡಿ ಹಾಕಿ ನೋಡಿ ಅಂತ. ನಾನು ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳುತ್ತೇನೆ. ಬುದ್ಧಿ ನನ್ನದಲ್ಲ, ಮುತ್ತಮ್ಮನದು ಅಂತ ಒಂದೆರಡು ಸಲ ಹೇಳಿಯೂ ಹೇಳಿದೆ.

ಆಮೇಲೆ ಕ್ಯಾಸೆಟ್ ಪ್ಲೇಯರಿಗೂ ಕಂಪ್ಯೂಟರಿಗೂ ತಂತಿ ಕೊಟ್ಟು ಓಡಿಸಿದೆವು. ಟೇಪು ತುಂಬಿದ ಆ ದಿನ ಹಗೇವು ತೆರೆದಿದ್ದರು, ದೀಪ ಇಳಿಬಿಟ್ಟು ಒಳಗಿನ ಗಾಳಿ ನೋಡದೆ ನಾನು ಇಳಿಯಲು ಹೊರಟಿದ್ದೆ. "ಅಲ್ಲಾ, ಕಾಲೇಜು ಓದ್ಬುಟ್ರೆ ಆಗೋಯ್ತಾ? ಒಳ್ಗಿನ ಗಾಳಿಗೆ ನಿಮ್ಮ ಇಂಗ್ಲೀಷು ತಿಳೀತೈತಾ? ದೀಪ ಬುಡ್ರೀ ಮೊದ್ಲು, ಆರೋದ್ರೆ ನೀವೂ ಆರೋಗ್ತೀರಾ!" ಅಂತ ಆ ಕೋಣೆಯಲ್ಲಿ ಅವಳ ಗಂಟಲು ಎದ್ದಾಗ ಟೈಪ್ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಕನ್ನಡ ಬಾರದವರಿಗೂ ಅರ್ಥವಾಯಿತು, ಯಾರು ಯಾರನ್ನು ಬೈಯುತ್ತಿದ್ದಾರೆ ಅಂತ. ಇಷ್ಟು ಜನರ ಮುಂದೆ ಬೈಸಿಕೊಂಡು ಇಷ್ಟು ಹೆಮ್ಮೆಪಟ್ಟ ಗಂಡ ಸೇಲಂ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಾರ. ಐ ಆಮ್ ಯುವರ್ ಮೋಸ್ಟ್ ಒಬೀಡಿಯಂಟ್, ಅಂತ ಅರ್ಜಿಯ ಕೊನೆಯಲ್ಲಿ ಬರೆಯುತ್ತಿದ್ದೆವಲ್ಲ, ಆ ಪೈಕಿ.

ಇನ್ನೂ ಏನೋ ಬರೆಯುವುದಿತ್ತು, ಬೆಳಕು ಹೋಗುತ್ತಿದೆ. ಸಾಲು ಒಂದರ ಮೇಲೊಂದು ಹತ್ತುತ್ತಿವೆ. ಕರೆಂಟೂ ಇಲ್ಲ. ಹುಷಾರಾಗಿರು, ಎಣ್ಣೆ ಹಚ್ಚು, ಮೇಜರ್ ಆಗು. ನನ್ನ ಹರಕೆಯ ಜೊತೆ ನಿನ್ನ ಅವ್ವನದೂ ಇದೆ.

ಇತಿ, ನಿನ್ನ ಅಪ್ಪ
ನಾ. ಗೋಪಾಲಪ್ಪ
(ಅಮೆರಿಕದಲ್ಲಿ ಮಿಸ್ಟರ್ ನಾರಪ್ಪ)

ಮರೆತೆ, ಕಿಟಕಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ: ಟೇಪು ಆ ಒಂದೇ ಸಲ ಓಡಿ ತುಂಡಾಯಿತು. ಫೈಲನ್ನು ಆ ಮೂರನೆಯವನಲ್ಲಿ ಇಟ್ಟ ಮೇಲೆ, ಜಾಗ ಸಾಲದೆ ಪಳನಿಯಪ್ಪನ್ ತನ್ನ ಮೆಷಿನ್ನಿನದನ್ನೂ ಅಳಿಸಿದ. ಈಗ ಅವಳ ಮಾತು ಇರುವುದು ಅಮೆರಿಕದಲ್ಲಿ ಮಾತ್ರ. ಹಗೇವಿನ ಜಾಗವನ್ನು ಮನೆಯಿಂದ ಹೊರಗಿರುವ ಒಬ್ಬ ಮಗಳಿಗೆ ಬಾಯಲ್ಲೇ ಹೇಳಬೇಕು ಅನ್ನುವುದು ನಮ್ಮ ವಾಡಿಕೆ. ಪಾಸ್‌ವರ್ಡನ್ನು ಮುಂದಿನ ಶನಿವಾರ ಫೋನಿನಲ್ಲಿ ಹೇಳುತ್ತೇನೆ. ನಮ್ಮ ಹಗೇವು ವರ್ಷಗಟ್ಟಲೆ ಮುಚ್ಚಿದ್ದರೂ ಕೆಡುತ್ತಿರಲಿಲ್ಲ. ಇದು ಹಾಗಲ್ಲ, ಮೂರು ತಿಂಗಳು ಯಾರೂ ತೆರೆಯದಿದ್ದರೆ ಅಳಿಸಿಬಿಡುತ್ತಾರಂತೆ. ಅಮಾವಾಸ್ಯೆಗೊಮ್ಮೆ ನಾನು ಹೋಗಿ ತೆರೆಯುತ್ತೇನೆ. ನನ್ನ ನಂತರ ನೀನು ತೆರೆಯಬೇಕು, ಯಾವ ಊರಿನಲ್ಲಿದ್ದರೂ. ನೀನು ಕೇಳುವಾಗ ನನಗೆ ಬಿದ್ದ ಬೈಗುಳ ಮುಗಿಯಿತು ಅಂತ ನಿಲ್ಲಿಸಬೇಡ. ಕೊನೆಯಲ್ಲಿ ಸ್ವಲ್ಪ ಹೊತ್ತು ಬರೀ ಗಾಳಿ, ಕೋಳಿ. ಆಮೇಲೆ ಒಂದು ಸಲ, ಗಟ್ಟಿಯಾಗಿ: "ಏ ರಾಧಾ, ಗುಂಡಿ ತಾವ ಓಗ್ಬ್ಯಾಡ, ಈಚೆ ಬಾಲೇ, ನನ್ ತಾವ ಬಾ!"